ಮೊದಲು ಕೇಳಿ, ಆಮೇಲೆ ಡ್ರಾಪ್ ಮಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊರದೇಶದ ಕಾಲೇಜು, ಯೂನಿವರ್ಸಿಟಿಗಳಲ್ಲಿ ಓದುತ್ತಿರುವವರಿಂದ ಈ ಸಲ ಜಾಸ್ತಿ ಪತ್ರ ಬಂದಿವೆ. ಅವರ ಅಪ್ಪ ಅಮ್ಮಂದಿರೂ ಬರೆದಿದ್ದಾರೆ. ಜೊತೆಗೆ ಇಂಥ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಕೆಲಸದಲ್ಲಿರುವವರು, ಪಾಠ ಮಾಡುವವರು ಕೂಡ ಕೇಳಿದ್ದಾರೆ. ಹೆಸರು, ಕಾಲೇಜು ಎಲ್ಲ ತೆಗೆದಿದ್ದೇವೆ. ಉದ್ದದ ಪತ್ರಗಳಿಗೆ ಕತ್ತರಿ ಹಾಕಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ ಮೇಡಂ. ಅಮೆರಿಕದಲ್ಲಿ ಬ್ಯಾಚುಲರ್ಸ್ ಮೊದಲ ಸೆಮಿಸ್ಟರ್. ನಾಲ್ಕು ಕೋರ್ಸ್, ಒಟ್ಟು 12 ಕ್ರೆಡಿಟ್. ಅದರಲ್ಲಿ ಒಂದು ತಲೆಗೇ ಹೋಗುತ್ತಿಲ್ಲ, ಫೇಲ್ ಆಗುವುದು ಗ್ಯಾರಂಟಿ. ಅದನ್ನು ಡ್ರಾಪ್ ಮಾಡಿದರೆ, ಅಂದರೆ ಮಧ್ಯದಲ್ಲೇ ಬಿಟ್ಟರೆ, ಜಿಪಿಎ (ಒಟ್ಟು ಗ್ರೇಡ್ ಸರಾಸರಿ) ಆದರೂ ಉಳಿಯುತ್ತದೆ. "ನಿನ್ನ ವೀಸಾ ಇನ್ನೂ ಎಷ್ಟೋ ವರ್ಷ ಇದೆ, ಏನೂ ಆಗಲ್ಲ" ಅಂತ ರೂಮ್‌ಮೇಟ್ ಹೇಳುತ್ತಾನೆ. ಕಾಲೇಜಿನ ಪೋರ್ಟಲ್‌ನಲ್ಲಿ ಡ್ರಾಪ್ ಬಟನ್ ಇದೆ. ಒತ್ತಿಬಿಡಲಾ?

ಉತ್ತರ: ಒತ್ತಬೇಡಿ. ಇದನ್ನು ಓದಿ ಮುಗಿಸುವವರೆಗಂತೂ ಬೇಡವೇ ಬೇಡ.

ನಿಮ್ಮ ರೂಮ್‌ಮೇಟ್ ಎರಡು ಬೇರೆ ಬೇರೆ ವಿಷಯಗಳನ್ನು ಕಲಸಿಬಿಟ್ಟಿದ್ದಾನೆ. ಪಾಸ್‌ಪೋರ್ಟಿನಲ್ಲಿರುವ ಎಫ್-1 ಅನ್ನುವ ವಿದ್ಯಾರ್ಥಿ ವೀಸಾ ದೇಶದೊಳಗೆ ಬರುವಾಗ ತೋರಿಸುವುದಕ್ಕೆ. ಬಂದ ಮೇಲೆ ನೀವು ಕಾನೂನಿನ ಪ್ರಕಾರ ಸರಿಯಾಗಿ ಇದ್ದೀರೋ ಇಲ್ಲವೋ ಅನ್ನುವುದು ನಿಮ್ಮ ಸ್ಟೇಟಸ್‌ಗೆ ಸೇರಿದ್ದು. ಅದು ನಿಂತಿರುವುದು ನಿಮ್ಮ ಐ-20 (ವೀಸಾಕ್ಕೆ ಅಂತ ಕಾಲೇಜು ಕೊಡುವ ಪತ್ರ) ಮತ್ತು ಸೆವಿಸ್ ದಾಖಲೆಯ ಮೇಲೆ. ಸೆವಿಸ್ ಅಂದರೆ 2003ರಿಂದ ಅಮೆರಿಕದ ಸರ್ಕಾರ ನಡೆಸುತ್ತಿರುವ ಕಂಪ್ಯೂಟರ್ ವ್ಯವಸ್ಥೆ. ಯಾರು ಎಲ್ಲಿ ಓದುತ್ತಿದ್ದಾರೆ, ಪೂರ್ತಿ ಕೋರ್ಸ್ ತೆಗೆದುಕೊಂಡಿದ್ದಾರಾ, ಎಲ್ಲಿ ವಾಸ ಇದ್ದಾರೆ, ಎಲ್ಲ ಅದರಲ್ಲಿ ಇರುತ್ತದೆ. ವೀಸಾದ ಮೇಲೆ ಎಷ್ಟೇ ವರ್ಷ ಇರಲಿ, ಸ್ಟೇಟಸ್ ಹೋಯಿತು ಅಂದರೆ ಹೋಯಿತು.

ಬ್ಯಾಚುಲರ್ಸ್ ಓದುವ ಎಫ್-1 ವಿದ್ಯಾರ್ಥಿ ಪ್ರತಿ ಸೆಮಿಸ್ಟರ್‌ನಲ್ಲಿ ಕಡಿಮೆ ಅಂದರೂ 12 ಕ್ರೆಡಿಟ್ ತೆಗೆದುಕೊಂಡಿರಬೇಕು. ಮಾಸ್ಟರ್ಸ್‌ನವರಿಗೆ ಎಷ್ಟು ಅನ್ನುವುದನ್ನು ಆಯಾ ಯೂನಿವರ್ಸಿಟಿಯೇ ಗೊತ್ತುಮಾಡುತ್ತದೆ. ನಿಮ್ಮ ಹತ್ತಿರ ಇರುವುದು ಸರಿಯಾಗಿ 12. ಒಂದು ಕೋರ್ಸ್ ಬಿಟ್ಟರೆ 9 ಆಗುತ್ತದೆ, ನೀವು ನಿಯಮ ಮುರಿದ ಹಾಗೆ. ಪೋರ್ಟಲ್‌ನಲ್ಲಿರುವ ಬಟನ್‌ಗೆ ಇದೆಲ್ಲ ಗೊತ್ತಿಲ್ಲ. ಅದು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ. ಪಕ್ಕದಲ್ಲಿ ಕೂತ ಅಮೆರಿಕನ್ ಹುಡುಗ ಅದನ್ನು ಒತ್ತಿದರೆ ಅವನಿಗೆ ಏನೂ ಆಗುವುದಿಲ್ಲ, ನಿಮಗೆ ಆಗುತ್ತದೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಕಡಿಮೆ ಕೋರ್ಸ್ ತೆಗೆದುಕೊಳ್ಳಲು ಅನುಮತಿ ಕೊಡುವ ವ್ಯವಸ್ಥೆ ಇದೆ, ಅದಕ್ಕೆ ರೆಡ್ಯೂಸ್ಡ್ ಕೋರ್ಸ್ ಲೋಡ್ ಅನ್ನುತ್ತಾರೆ. ಹೊಸದಾಗಿ ಬಂದವರಿಗೆ ಇಂಗ್ಲಿಷ್‌ನಲ್ಲಿ ಅಥವಾ ಓದಬೇಕಾದ ರಾಶಿಯಲ್ಲಿ ಶುರುವಿನ ತೊಂದರೆ, ಅಲ್ಲಿನ ಪಾಠದ ರೀತಿ ಅಭ್ಯಾಸ ಇಲ್ಲದಿರುವುದು, ತಮ್ಮ ಮಟ್ಟಕ್ಕೆ ಮೀರಿದ ಕೋರ್ಸಿಗೆ ಹಾಕಿರುವುದು, ಇಂಥ ಕಾರಣಕ್ಕೆ ಅನುಮತಿ ಸಿಗಬಹುದು. ಆಗಲೂ ಕನಿಷ್ಠ ಅರ್ಧದಷ್ಟು ಕೋರ್ಸ್ ಇರಬೇಕು, ಮುಂದಿನ ಸೆಮಿಸ್ಟರ್ ಮತ್ತೆ ಪೂರ್ತಿ ತೆಗೆದುಕೊಳ್ಳಬೇಕು. ಈ ಕಾರಣವನ್ನು ಒಂದು ಪದವಿಯಲ್ಲಿ ಒಂದೇ ಸಲ ಬಳಸಬಹುದು. ಆರೋಗ್ಯದ ಕಾರಣ ಇದ್ದರೆ ನಿಯಮ ಬೇರೆ, ಡಾಕ್ಟರ್ ಪತ್ರದ ಮೇಲೆ ಒಟ್ಟು 12 ತಿಂಗಳವರೆಗೆ ರಿಯಾಯಿತಿ ಸಿಗುತ್ತದೆ, ಪೂರ್ತಿ ಬಿಡುವು ಕೂಡ ಸಾಧ್ಯ.

ಮುಖ್ಯವಾದ ಮಾತು ಇಲ್ಲಿದೆ. ಈ ಅನುಮತಿ ಡ್ರಾಪ್ ಮಾಡುವುದಕ್ಕೆ ಮೊದಲು ಸಿಗಬೇಕು. ಕೊಡುವವರು ಇಂಟರ್‌ನ್ಯಾಷನಲ್ ಆಫೀಸಿನಲ್ಲಿರುವ ಡಿಎಸ್ಓ, ಅಂದರೆ ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆ ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ. ನಿಮ್ಮ ಕೋರ್ಸ್ ಆಯ್ಕೆಗೆ ಸಹಾಯ ಮಾಡುವ ಅಕಾಡೆಮಿಕ್ ಅಡ್ವೈಸರ್ ಬೇರೆ, ಡಿಎಸ್ಓ ಬೇರೆ. ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಅಕಾಡೆಮಿಕ್ ಅಡ್ವೈಸರ್ ಒಳ್ಳೆಯ ಮನಸ್ಸಿನಿಂದಲೇ "ಪರವಾಗಿಲ್ಲ, ಡ್ರಾಪ್ ಮಾಡು" ಅನ್ನಬಹುದು. ಅವರು ಹೇಳಿದರೂ ವೀಸಾ ನಿಯಮದ ಮುಂದೆ ಅದು ಅನುಮತಿ ಅಲ್ಲ.

ಸ್ಟೇಟಸ್ ಹೋದ ಮೇಲೆ ಸರಿಪಡಿಸಿಕೊಳ್ಳಲು ರೀಇನ್‌ಸ್ಟೇಟ್‌ಮೆಂಟ್ ಅಂತ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಐದು ತಿಂಗಳೊಳಗೆ ಹಾಕಬೇಕು, ಕಾಯುವುದು ಉದ್ದ, ಗ್ಯಾರಂಟಿ ಇಲ್ಲ. ಇಲ್ಲದಿದ್ದರೆ ದೇಶ ಬಿಟ್ಟು ಹೊಸ ಐ-20 ಮೇಲೆ ವಾಪಸ್ ಬರಬೇಕು, ಆಗ ಕ್ಯಾಂಪಸ್ ಹೊರಗೆ ಕೆಲಸ ಮಾಡುವ ಅರ್ಹತೆಗೆ ಬೇಕಾದ ಒಂದು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ. ಹದಿನೈದು ನಿಮಿಷದ ಒಂದು ಭೇಟಿ ತಪ್ಪಿಸಿದ್ದಕ್ಕೆ ಇಷ್ಟು ಬೇಕಾ? ನಾಳೆ ಬೆಳಿಗ್ಗೆಯೇ ಡಿಎಸ್ಓ ಹತ್ತಿರ ಹೋಗಿ.

ಪ್ರಶ್ನೆ: "ಆಫೀಸ್ ಅವರ್ಸ್‌ಗೆ ಬಾ" ಅಂತ ಪ್ರೊಫೆಸರ್ ಎಲ್ಲರಿಗೂ ಹೇಳುತ್ತಾರೆ. ನಿಜವಾಗಲೂ ಹೋಗಬಹುದಾ? ಹೋಗಿ ಏನು ಹೇಳಲಿ?

ಉತ್ತರ: ಹೋಗಬಹುದು. ಅದು ಸುಮ್ನೆ ಮರ್ಯಾದೆಗೆ ಹೇಳುವ ಮಾತಲ್ಲ, ಆ ಸಮಯವನ್ನು ವಿದ್ಯಾರ್ಥಿಗಳಿಗೆ ಅಂತಲೇ ಇಟ್ಟಿರುತ್ತಾರೆ. "ಏನೂ ಅರ್ಥ ಆಗಿಲ್ಲ" ಅಂತ ಹೋಗಬೇಡಿ, ಅವರಿಗೆ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ. ಒಂದು ಲೆಕ್ಕ ಅಥವಾ ಒಂದು ಪ್ಯಾರಾ ತೆಗೆದುಕೊಂಡು ಹೋಗಿ, "ಇಲ್ಲಿವರೆಗೆ ಬಂದೆ, ಇಲ್ಲಿ ನಿಂತೆ" ಅಂತ ತೋರಿಸಿ. ಅಷ್ಟು ಸಾಕು.

ಪ್ರಶ್ನೆ: ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಫೀಸ್ ಕಟ್ಟುವುದು ನಾನು. ಆದರೆ ಮಾರ್ಕ್ಸ್ ಕೇಳಿ ಕಾಲೇಜಿಗೆ ಮೇಲ್ ಹಾಕಿದರೆ "ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ" ಅಂತ ಉತ್ತರ. ಇದು ಯಾವ ನ್ಯಾಯ? ಅವನೂ ಇತ್ತೀಚೆಗೆ ಸರಿಯಾಗಿ ಮಾತಾಡುತ್ತಿಲ್ಲ.

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಕಾಲೇಜಿನವರು ಸೊಕ್ಕಿನಿಂದ ಹೇಳಿದ್ದಲ್ಲ, ಅಲ್ಲಿ ಹಾಗೊಂದು ಕಾನೂನಿದೆ. 1974ರ ಫೆರ್ಪಾ ಕಾಯ್ದೆ ಪ್ರಕಾರ, ಕಾಲೇಜು ಸೇರಿದ ಮೇಲೆ ಓದಿನ ದಾಖಲೆಯ ಹಕ್ಕು ವಿದ್ಯಾರ್ಥಿಯದು. ಫೀಸ್ ಕಟ್ಟಿದವರು ಯಾರು ಅನ್ನುವುದರಿಂದ ಅದು ಬದಲಾಗುವುದಿಲ್ಲ. ಮಗ ಲಿಖಿತ ಒಪ್ಪಿಗೆ ಕೊಟ್ಟರೆ ಕಾಲೇಜು ನಿಮ್ಮ ಜೊತೆ ಮಾತಾಡಬಹುದು. ಜೀವಕ್ಕೆ ಅಪಾಯ ಇರುವಂಥ ತುರ್ತಿನಲ್ಲಿ ಒಪ್ಪಿಗೆ ಇಲ್ಲದೆಯೂ ತಿಳಿಸಲು ಅವಕಾಶ ಇದೆ.

ನಿಮಗೆ ಗೊತ್ತಿಲ್ಲದ ಇನ್ನೊಂದು ಅನುಕೂಲ ಇದೆ. ಕಾಲೇಜು ನಿಮಗೆ ಏನೂ ಹೇಳಲಾಗದಿರಬಹುದು, ಆದರೆ ನೀವು ಹೇಳುವುದನ್ನು ಕೇಳಿಸಿಕೊಳ್ಳಬಹುದು. "ಮಗ ಎರಡು ವಾರದಿಂದ ಫೋನ್ ಎತ್ತುತ್ತಿಲ್ಲ, ಮೊದಲು ಹೀಗಿರಲಿಲ್ಲ, ದಯವಿಟ್ಟು ಒಮ್ಮೆ ನೋಡಿ" ಅಂತ ಇಂಟರ್‌ನ್ಯಾಷನಲ್ ಆಫೀಸಿಗೆ ಬರೆದರೆ ಅವರು ಅವನನ್ನು ಕರೆದು ಮಾತಾಡಿಸುವ ಸಾಧ್ಯತೆ ಹೆಚ್ಚು. ಮಾರ್ಕ್ಸ್ ಕೇಳುವ ಮೇಲ್‌ಗಿಂತ ಇದಕ್ಕೆ ಬೇಗ ಉತ್ತರ ಬರುತ್ತದೆ.

ಇನ್ನು ಮಗನ ವಿಷಯ. ಪ್ರತಿ ಫೋನಿನಲ್ಲೂ ಮೊದಲ ಪ್ರಶ್ನೆ ಮಾರ್ಕ್ಸ್ ಬಗ್ಗೆಯೇ ಆದರೆ, ಮಾರ್ಕ್ಸ್ ಕಡಿಮೆ ಬಂದ ದಿನದಿಂದ ಫೋನ್ ನಿಲ್ಲುತ್ತದೆ. ಒಂದು ತಿಂಗಳು ಆ ಪ್ರಶ್ನೆ ಬಿಟ್ಟು ನೋಡಿ. ಹೇಳಬೇಕಾದದ್ದು ಇದ್ದರೆ ಅವನೇ ಹೇಳುತ್ತಾನೆ.

ಪ್ರಶ್ನೆ: ಯುಕೆಯಲ್ಲಿ ಮಾಸ್ಟರ್ಸ್. ವಾರಕ್ಕೆ 20 ಗಂಟೆ ಕೆಲಸ ಅಂತ ಗೊತ್ತು. ಹೋದ ವಾರ 26 ಗಂಟೆ ಮಾಡಿದೆ, ಈ ವಾರ 10 ಮಾಡುತ್ತೇನೆ, ಸರಾಸರಿ ಸರಿಹೋಗುತ್ತದೆ ಅಲ್ವಾ? ಇನ್ನೊಂದು, ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಫ್ರೀಲಾನ್ಸ್ ಡಿಸೈನ್ ಮಾಡಿದರೆ ಲೆಕ್ಕಕ್ಕೆ ಬರುತ್ತದಾ?

ಉತ್ತರ: ಸರಾಸರಿ ಇಲ್ಲ. ಡಿಗ್ರಿ ಮಟ್ಟದ ವಿದ್ಯಾರ್ಥಿಗೆ ಟರ್ಮ್ ನಡೆಯುವಾಗ ಯಾವ ವಾರದಲ್ಲೂ 20 ಗಂಟೆ ದಾಟುವಂತಿಲ್ಲ. ವಾರ ಅಂದರೆ ಸೋಮವಾರದಿಂದ ಭಾನುವಾರ. ಎರಡು ಕಡೆ ಕೆಲಸ ಇದ್ದರೆ ಎರಡೂ ಸೇರಿ 20. ಸಂಬಳ ಇಲ್ಲದ ಕೆಲಸವೂ ಲೆಕ್ಕಕ್ಕೆ ಬರಬಹುದು. ಮಾಸ್ಟರ್ಸ್‌ನವರು "ಬೇಸಿಗೆ ರಜೆ, ಪೂರ್ತಿ ಕೆಲಸ ಮಾಡಬಹುದು" ಅಂದುಕೊಳ್ಳುತ್ತಾರೆ, ಆದರೆ ಡಿಸರ್ಟೇಶನ್ (ಕೊನೆಯ ದೊಡ್ಡ ಪ್ರಬಂಧ) ಬರೆಯುವ ತಿಂಗಳುಗಳು ಸಾಮಾನ್ಯವಾಗಿ ಟರ್ಮ್ ಒಳಗೇ ಬರುತ್ತವೆ. ನಿಮ್ಮ ಯೂನಿವರ್ಸಿಟಿಯ ಟರ್ಮ್ ದಿನಾಂಕ ನೋಡಿ.

ಫ್ರೀಲಾನ್ಸ್ ಇನ್ನೂ ಕೆಟ್ಟದು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೇ ಅವಕಾಶ ಇಲ್ಲ, ಒಂದು ಗಂಟೆಯಾದರೂ ಸರಿ. ಹಣ ಬೇರೆ ದೇಶದ ಖಾತೆಗೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಸಲಹೆ ಓಡಾಡುತ್ತಿರುತ್ತದೆ. ನಿಯಮ ನೋಡುವುದು ನೀವು ಎಲ್ಲಿ ಕೂತು ಕೆಲಸ ಮಾಡುತ್ತಿದ್ದೀರಿ ಅನ್ನುವುದನ್ನು, ಖಾತೆ ಎಲ್ಲಿದೆ ಅನ್ನುವುದನ್ನಲ್ಲ. 26 ಗಂಟೆಯ ವಿಷಯವನ್ನು ನಿಮ್ಮ ಯೂನಿವರ್ಸಿಟಿಯ ವೀಸಾ ಸಲಹೆಗಾರರ ಹತ್ತಿರ ಮಾತಾಡಿ, ಇನ್ನು ಮುಂದೆ ಗಂಟೆಗಳನ್ನು ನೀವೇ ಬರೆದಿಡಿ. ಮ್ಯಾನೇಜರ್ "ಇವತ್ತೊಂದು ದಿನ ಇರು" ಅಂದರೆ ಇಲ್ಲ ಅನ್ನಬೇಕಾದವರು ನೀವೇ, ಅವರ ವೀಸಾ ಹೋಗುವುದಿಲ್ಲ.

ಬೇರೆ ಕಡೆ ಇರುವವರಿಗೆ: ಆಸ್ಟ್ರೇಲಿಯಾದಲ್ಲಿ ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆ. ಕೆನಡಾದಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ, 2024ರ ನವೆಂಬರ್‌ನಿಂದ. ಅಮೆರಿಕದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20, ಹೊರಗೆ ಅನುಮತಿ ಇಲ್ಲದೆ ಸೊನ್ನೆ. ಈ ಅಂಕಿಗಳು ಬದಲಾಗುತ್ತಲೇ ಇರುತ್ತವೆ, ಸೀನಿಯರ್ ಹೇಳಿದ್ದು ಅವರ ಕಾಲದ ನಿಯಮ ಆಗಿರಬಹುದು. ಹಾಗಾಗಿ ಪ್ರತಿ ವರ್ಷ ಹೊಸದಾಗಿ ಕೇಳಿ.

ಪ್ರಶ್ನೆ: ಒಂದು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಲ್ಲಿ ಹೊಸದಾಗಿ ಸಲಹೆಗಾರಳಾಗಿ ಸೇರಿದ್ದೇನೆ. ಓರಿಯೆಂಟೇಶನ್‌ನಲ್ಲಿ ಎಲ್ಲ ಹೇಳುತ್ತೇವೆ, ಮೇಲ್ ಕಳಿಸುತ್ತೇವೆ, ಬಾಗಿಲು ತೆರೆದೇ ಇರುತ್ತದೆ. ಆದರೂ ವಿದ್ಯಾರ್ಥಿಗಳು ಬರುವುದು ಎಲ್ಲ ಕೆಟ್ಟ ಮೇಲೆಯೇ. ಯಾಕೆ ಹೀಗೆ? ಏನು ಮಾಡಲಿ?

ಉತ್ತರ: ಈ ಪತ್ರ ಓದಿ ಖುಷಿಯಾಯಿತು. "ಇವರಿಗೆ ಹೇಳಿದರೂ ಬುದ್ಧಿ ಬರಲ್ಲ" ಅಂತ ಕೈ ಚೆಲ್ಲುವವರೇ ಜಾಸ್ತಿ, ನೀವು ಯಾಕೆ ಅಂತ ಕೇಳುತ್ತಿದ್ದೀರಿ.

ಮೊದಲು ಓರಿಯೆಂಟೇಶನ್. ವಿಮಾನ ಇಳಿದು ಎರಡು ದಿನ ಆಗಿರುತ್ತದೆ, ನಿದ್ದೆ ಇಲ್ಲ, ಸಿಮ್ ಇಲ್ಲ, ರೂಮಿನ ಕೀ ಸಿಕ್ಕಿದೆಯೋ ಇಲ್ಲವೋ. ಆ ಸ್ಥಿತಿಯಲ್ಲಿ ಮೂರು ಗಂಟೆ ಸ್ಲೈಡ್ ತೋರಿಸಿದರೆ ನಿಮ್ಮ ಆಫೀಸು ಹೇಳಿದ ಹಾಗಾಯಿತು, ಅವರು ಕೇಳಿದ ಹಾಗಾಗಲಿಲ್ಲ. ಮೊದಲ ದಿನ ನಾಲ್ಕು ವಿಷಯ ಸಾಕು: ವಿಳಾಸ ದಾಖಲಿಸುವುದು, ಇನ್ಶೂರೆನ್ಸ್ ಕಾರ್ಡ್ ಎಲ್ಲಿದೆ, ತುರ್ತಿಗೆ ಯಾವ ನಂಬರ್, ನಿಮ್ಮ ಆಫೀಸು ಎಲ್ಲಿದೆ. ಉಳಿದದ್ದನ್ನು ಬೇಕಾದ ಹೊತ್ತಿಗೆ ಹೇಳಿ. ಡ್ರಾಪ್ ಮಾಡಲು ಕೊನೇ ದಿನ ಬರುವ ಒಂದು ವಾರ ಮೊದಲು ಡ್ರಾಪ್ ಬಗ್ಗೆ. ರಜೆಗೆ ಮುಂಚೆ ಪ್ರಯಾಣದ ಕಾಗದಗಳ ಬಗ್ಗೆ. ಅಮೆರಿಕದಲ್ಲಾದರೆ ಐ-20 ಮೇಲೆ ಪ್ರಯಾಣದ ಸಹಿ ಇದೆಯಾ ಅಂತ ಆಗಲೇ ನೆನಪಿಸಬೇಕು. ಇಂಟರ್ನ್‌ಶಿಪ್ ಹುಡುಕುವ ತಿಂಗಳಲ್ಲಿ ಕೆಲಸದ ಅನುಮತಿ ಬಗ್ಗೆ, ಆಫರ್ ಲೆಟರ್ ಬಂದ ಮೇಲಲ್ಲ. ಮೇಲ್‌ನ ವಿಷಯದ ಸಾಲಿನಲ್ಲಿ "ಮುಖ್ಯ ಸೂಚನೆ" ಅಂತ ಹಾಕಬೇಡಿ. ಎಲ್ಲ ಆಫೀಸಿನವರೂ ಅದನ್ನೇ ಹಾಕುತ್ತಾರೆ, ಯಾರೂ ತೆರೆಯುವುದಿಲ್ಲ. "ಕೋರ್ಸ್ ಬಿಡುವ ಯೋಚನೆ ಇದೆಯಾ? ಮೊದಲು ಇದನ್ನು ನೋಡಿ" ಅಂತ ಹಾಕಿ.

ಎರಡನೆಯದು, ಭಯ. ಇದನ್ನು ಸಲಹೆ ಕೊಡುವ ಕೆಲಸದವರು ಒಪ್ಪಿಕೊಳ್ಳುವುದು ಕಡಿಮೆ. ವಿದ್ಯಾರ್ಥಿಯ ಕಣ್ಣಿಗೆ ನೀವು ಸಲಹೆಗಾರ್ತಿ ಅಲ್ಲ, ಇಮಿಗ್ರೇಶನ್ ಇಲಾಖೆಯ ಇನ್ನೊಂದು ಕೌಂಟರ್. ಆ ಭಯ ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದಲ್ಲಿ ಡಿಎಸ್ಓ ಕೆಲವು ವಿಷಯಗಳನ್ನು ಸೆವಿಸ್‌ನಲ್ಲಿ ದಾಖಲಿಸಲೇಬೇಕು. ಯುಕೆಯಲ್ಲಿ ವಿದ್ಯಾರ್ಥಿಗೆ ಸ್ಪಾನ್ಸರ್ ಆಗಿರುವ ಯೂನಿವರ್ಸಿಟಿ, ಆತ ಓದು ಬಿಟ್ಟರೆ ಸರ್ಕಾರಕ್ಕೆ ತಿಳಿಸಲೇಬೇಕು. ಹಾಗಾಗಿ "ನನ್ನ ಹತ್ತಿರ ಏನು ಬೇಕಾದರೂ ಹೇಳಿ, ಯಾರಿಗೂ ಗೊತ್ತಾಗಲ್ಲ" ಅನ್ನುವ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ನಿಮ್ಮಿಂದ ಆಗುವುದಿಲ್ಲ. ಬದಲಿಗೆ ಮಾತು ಶುರುವಾಗುವ ಮೊದಲೇ ಹೇಳಿ: ಇಂಥಿಂಥದ್ದನ್ನು ನಾನು ವರದಿ ಮಾಡಲೇಬೇಕು, ಉಳಿದದ್ದು ನಮ್ಮಿಬ್ಬರ ನಡುವೆ. ಕೋರ್ಸ್ ಕಷ್ಟ ಆಗುತ್ತಿದೆ, ದುಡ್ಡಿಗೆ ತೊಂದರೆ, ರೂಮ್‌ಮೇಟ್ ಜೊತೆ ಜಗಳ, ಇವು ಯಾವುವೂ ವರದಿ ಆಗುವಂಥವಲ್ಲ ಅಂತ ತಿಳಿದ ಮೇಲೆ ಮಾತು ಹೊರಗೆ ಬರುತ್ತದೆ.

ಮೂರನೆಯದು, ನೀವು ಕೇಳುವ ರೀತಿ. ವಿದ್ಯಾರ್ಥಿ ಒಂದು ಸಹಿಗೆ ಅಂತ ಬರುತ್ತಾನೆ. ಸಹಿ ಹಾಕಿ "ಬೇರೆ ಏನಾದರೂ ಇದೆಯಾ?" ಅಂದರೆ ನೂರಕ್ಕೆ ತೊಂಬತ್ತು ಜನ ಇಲ್ಲ ಅಂತಲೇ ಹೇಳುತ್ತಾರೆ. "ಈ ಸಲ ಯಾವ ಕೋರ್ಸ್ ಕಷ್ಟ ಆಗ್ತಿದೆ?" ಅಂತ ಕೇಳಿ. ಕಷ್ಟ ಇದ್ದೇ ಇರುತ್ತದೆ ಅಂತ ನೀವೇ ಒಪ್ಪಿಕೊಂಡು ಕೇಳಿದ ಹಾಗಾಯಿತು, ಅವನಿಗೆ ನಾಚಿಕೆ ಕಡಿಮೆ ಆಗುತ್ತದೆ. ನಿಜವಾದ ಪ್ರಶ್ನೆ ಎಷ್ಟೋ ಸಲ ಬ್ಯಾಗು ಹೆಗಲಿಗೆ ಹಾಕಿ ಎದ್ದು ನಿಂತ ಮೇಲೆ ಬರುತ್ತದೆ. ಆಗ ಗಡಿಯಾರ ನೋಡಬೇಡಿ.

ನಿಮ್ಮ ಮಿತಿ ಕೂಡ ತಿಳಿದಿರಬೇಕು. ಯುಕೆಯಲ್ಲಿ 1999ರ ಕಾಯ್ದೆ ಪ್ರಕಾರ ಅಧಿಕಾರ ಇಲ್ಲದವರು ಇಮಿಗ್ರೇಶನ್ ಸಲಹೆ ಕೊಡುವುದು ಅಪರಾಧ. ಯೂನಿವರ್ಸಿಟಿ ಸಿಬ್ಬಂದಿಗೆ ವಿದ್ಯಾರ್ಥಿಗಳ ವಿಷಯದಲ್ಲಿ ವಿನಾಯಿತಿ ಇದೆ, ಆದರೆ ಅದು ಎಲ್ಲದಕ್ಕೂ ಅಲ್ಲ. ಕೆನಡಾದಲ್ಲಿ ಲೈಸೆನ್ಸ್ ಪಡೆದ ಸಲಹೆಗಾರರೇ ಇಮಿಗ್ರೇಶನ್ ಬಗ್ಗೆ ಹೇಳಬೇಕು, ಕಾಲೇಜು ಸಿಬ್ಬಂದಿಗೆ ಅಂತಲೇ ಒಂದು ಪ್ರತ್ಯೇಕ ಲೈಸೆನ್ಸ್ ಇದೆ. ಗೊತ್ತಿಲ್ಲದ್ದನ್ನು ಅಂದಾಜಿನ ಮೇಲೆ ಹೇಳಿ ಧೈರ್ಯ ತುಂಬುವುದು ದೊಡ್ಡ ಅಪಾಯ. "ನಾಳೆ ಸಂಜೆಯೊಳಗೆ ತಿಳಿದು ಹೇಳುತ್ತೇನೆ" ಅಂದರೆ ನಿಮ್ಮ ಮರ್ಯಾದೆಗೆ ಏನೂ ಕಡಿಮೆ ಆಗುವುದಿಲ್ಲ. ಭೇಟಿ ಮುಗಿದ ಮೇಲೆ ಏನು ಮಾತಾಯಿತು ಅಂತ ನಾಲ್ಕು ಸಾಲು ಬರೆದು ಅವರಿಗೇ ಮೇಲ್ ಮಾಡಿ. ಬೇರೆ ಭಾಷೆಯಲ್ಲಿ, ಗಾಬರಿಯಲ್ಲಿ ಕೇಳಿದ್ದು ಅರ್ಧವೂ ನೆನಪಿರುವುದಿಲ್ಲ.

ಕೊನೆಗೆ, ನಿಮ್ಮ ರೂಮಿನ ಹೊರಗಿನ ಕೆಲಸ. ಮೇಲಿನ ಮೊದಲ ಪತ್ರದಲ್ಲಿ ಡ್ರಾಪ್ ಬಟನ್ ಕಥೆ ಓದಿದಿರಿ ಅಲ್ವಾ? ರಿಜಿಸ್ಟ್ರಾರ್ ಆಫೀಸಿನವರನ್ನು ಒಪ್ಪಿಸಿ, ಆ ಬಟನ್ ಒತ್ತಿದಾಗ "ನೀವು ಸ್ಟೂಡೆಂಟ್ ವೀಸಾದಲ್ಲಿದ್ದರೆ ಮೊದಲು ಇಂಟರ್‌ನ್ಯಾಷನಲ್ ಆಫೀಸ್ ಕೇಳಿ" ಅನ್ನುವ ಒಂದು ಸಾಲು ಬರುವಂತೆ ಮಾಡಿಸಿ. ನಿಮ್ಮ ಹತ್ತು ಭಾಷಣಕ್ಕಿಂತ ಆ ಒಂದು ಸಾಲು ಜಾಸ್ತಿ ಜನರನ್ನು ಉಳಿಸುತ್ತದೆ. ಅಕಾಡೆಮಿಕ್ ಅಡ್ವೈಸರ್‌ಗಳ ಜೊತೆ ವರ್ಷಕ್ಕೊಮ್ಮೆ ಕೂತು ಅವರು ಯಾವಾಗ ನಿಮ್ಮ ಹತ್ತಿರ ಕಳಿಸಬೇಕು ಅಂತ ಹೇಳಿ. ರಜೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ಮನೆಗೆ ಹೋಗಲಾಗದವರು ಎಲ್ಲಿರುತ್ತಾರೆ ಅಂತ ಯಾರಾದರೂ ಕೇಳಿದ್ದಾರಾ? ನೀವು ಕೇಳಿ. ಮತ್ತೆ, ಒಬ್ಬಳೇ ಎಲ್ಲ ಕಂಡುಹಿಡಿಯಬೇಕಿಲ್ಲ. ಈ ಕೆಲಸದವರದೇ ಸಂಘಗಳಿವೆ. ಅಮೆರಿಕದ ನಾಫ್ಸಾ 1948ರಲ್ಲೇ ಶುರುವಾಗಿದ್ದು ವಿದೇಶಿ ವಿದ್ಯಾರ್ಥಿಗಳ ಸಲಹೆಗಾರರ ಸಂಘವಾಗಿ. ಯುರೋಪಿನಲ್ಲಿ ಇಎಐಇ, ಯುಕೆಯಲ್ಲಿ ಯುಕೆಸಿಐಎಸ್ಎ ಇವೆ.

ಪ್ರಶ್ನೆ: ಬಂದು ನಾಲ್ಕು ತಿಂಗಳಾಯಿತು. ಮೊದಲು ಎಲ್ಲ ಚೆಂದ ಇತ್ತು, ದಿನಾ ಫೋಟೋ ಹಾಕುತ್ತಿದ್ದೆ. ಈಗ ಬೆಳಿಗ್ಗೆ ಏಳಲು ಮನಸ್ಸಿಲ್ಲ, ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತದೆ. ಇದಕ್ಕೆ ಕಲ್ಚರ್ ಶಾಕ್ ಅಂತಾರಂತೆ, ತಾನೇ ಸರಿಹೋಗುತ್ತದಂತೆ. ನಿಜವಾ? ಕೌನ್ಸೆಲರ್ ಹತ್ತಿರ ಹೋದರೆ ವೀಸಾ ಫೈಲಿಗೆ ಸೇರುತ್ತದಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಯೂನಿವರ್ಸಿಟಿಯ ಕೌನ್ಸೆಲಿಂಗ್ ಗುಟ್ಟಾಗಿರುತ್ತದೆ, ಅದು ಇಮಿಗ್ರೇಶನ್‌ಗೆ ಹೋಗುವುದಿಲ್ಲ, ಮಾರ್ಕ್ಸ್ ಕಾರ್ಡಿಗೂ ಹೋಗುವುದಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದಾಗ ಮಾತ್ರ ಬೇರೆಯವರಿಗೆ ಹೇಳುತ್ತಾರೆ, ಅದನ್ನೂ ಮೊದಲ ಭೇಟಿಯಲ್ಲೇ ವಿವರಿಸುತ್ತಾರೆ.

ಕಲ್ಚರ್ ಶಾಕ್ ಎಂಬ ಮಾತನ್ನು ಜನಪ್ರಿಯ ಮಾಡಿದ್ದು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, 1950ರ ದಶಕದಲ್ಲಿ. ಮೊದಲು ಹನಿಮೂನ್, ಆಮೇಲೆ ಕುಸಿತ, ಆಮೇಲೆ ಚೇತರಿಕೆ ಅನ್ನುವ ಚಿತ್ರ ಎಲ್ಲ ಓರಿಯೆಂಟೇಶನ್‌ನಲ್ಲೂ ತೋರಿಸುತ್ತಾರೆ. ಅದಕ್ಕೆ ಆಧಾರ 1955ರಲ್ಲಿ ನಾರ್ವೆಯ ಲಿಸ್ಗಾರ್ಡ್ ಪ್ರಕಟಿಸಿದ ಅಧ್ಯಯನ. ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರನ್ನು ಅವರು ವಿಚಾರಿಸಿದ್ದರು. ಆರರಿಂದ ಹದಿನೆಂಟು ತಿಂಗಳು ಇದ್ದವರು ಉಳಿದವರಿಗಿಂತ ಕಡಿಮೆ ಹೊಂದಿಕೊಂಡಿದ್ದರು. ಆದರೆ ಅದು ಒಬ್ಬನೇ ವ್ಯಕ್ತಿಯನ್ನು ತಿಂಗಳು ತಿಂಗಳು ಹಿಂಬಾಲಿಸಿದ್ದಲ್ಲ, ಬೇರೆ ಬೇರೆ ಜನರ ಹೋಲಿಕೆ. ಹೊಸದಾಗಿ ಬಂದ ದಿನಗಳೇ ಅತಿ ಕಷ್ಟ ಅಂತ ಆಮೇಲಿನ ಅಧ್ಯಯನಗಳಲ್ಲಿ ಕಂಡದ್ದೂ ಉಂಟು. ಹಾಗಾಗಿ "ಇದೆಲ್ಲ ಗ್ರಾಫಿನಲ್ಲಿ ಇರುವ ಹಾಗೆ ಮೇಲೇಳುತ್ತದೆ" ಅಂತ ಕಾಯುತ್ತಾ ಕೂರಬೇಡಿ.

ಮನೆ ನೆನಪು, ಬೇಜಾರು, ಇಲ್ಲಿಯವರ ಮೇಲೆ ಸಿಟ್ಟು, ಇವೆಲ್ಲ ಬಂದು ಹೋಗುತ್ತವೆ. ಆದರೆ ಎರಡು ವಾರಕ್ಕಿಂತ ಜಾಸ್ತಿ ದಿನ ಏಳಲು ಮನಸ್ಸಿಲ್ಲ, ಯಾರೂ ಬೇಡ ಅಂದರೆ ಅದನ್ನು ಬೇರೆ ಹೆಸರಿಟ್ಟು ಮುಚ್ಚುವುದು ಬೇಡ. ಈ ವಾರವೇ ಕೌನ್ಸೆಲಿಂಗ್ ಸೆಂಟರಿಗೆ ಹೋಗಿ. ಕ್ಲಾಸ್ ಬಿಡುವ ಮಟ್ಟಕ್ಕೆ ಬಂದಿದ್ದರೆ ಡಾಕ್ಟರ್ ಪತ್ರದ ಮೇಲೆ ಓದಿನ ಹೊರೆ ಕಡಿಮೆ ಮಾಡಿಸಿಕೊಳ್ಳಲು ಆಗುತ್ತದಾ ಅಂತ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿಚಾರಿಸಿ. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಈಗಲೇ ತುರ್ತು ನಂಬರಿಗೆ ಫೋನ್ ಮಾಡಿ ಅಥವಾ ಪಕ್ಕದ ರೂಮಿನ ಬಾಗಿಲು ತಟ್ಟಿ.

ಪ್ರಶ್ನೆ: ಇಮಿಗ್ರೇಶನ್ ಆಫೀಸರ್ ಅಂತ ಫೋನ್ ಬಂತು. ನನ್ನ ಪೂರ್ತಿ ಹೆಸರು, ಕಾಲೇಜು ಎಲ್ಲ ಹೇಳಿದರು. ಒಂದು ಗಂಟೆಯಲ್ಲಿ ದಂಡ ಕಟ್ಟದಿದ್ದರೆ ಗಡೀಪಾರು, ಯಾರಿಗೂ ಹೇಳಬಾರದು ಅಂದರು.

ಉತ್ತರ: ಮೋಸ. ಕರೆ ಕಟ್ ಮಾಡಿ. ಯಾವ ದೇಶದ ಇಮಿಗ್ರೇಶನ್ ಇಲಾಖೆಯೂ ಫೋನಿನಲ್ಲಿ ಗಿಫ್ಟ್ ಕಾರ್ಡ್, ಕ್ರಿಪ್ಟೊ ಅಂತ ದಂಡ ಕೇಳುವುದಿಲ್ಲ. ಹೆಸರು, ಕಾಲೇಜು ಗೊತ್ತಿರುವುದು ದೊಡ್ಡ ವಿಷಯ ಅಲ್ಲ, ಅದು ನಿಮ್ಮ ಸೋಶಿಯಲ್ ಮೀಡಿಯಾದಲ್ಲೇ ಇರುತ್ತದೆ. ಪರದೆಯ ಮೇಲೆ ಸರ್ಕಾರಿ ನಂಬರ್ ಕಾಣುವಂತೆ ಮಾಡುವುದೂ ಸುಲಭ. "ಯಾರಿಗೂ ಹೇಳಬೇಡ" ಅಂದರು ಅಂದರೆ ಅಲ್ಲಿಗೇ ಗೊತ್ತಾಯಿತು. ಹಣ ಕಳಿಸಿಯಾಗಿದ್ದರೆ ಮೊದಲು ಬ್ಯಾಂಕಿಗೆ, ಆಮೇಲೆ ಪೊಲೀಸರಿಗೆ, ಆಮೇಲೆ ಇಂಟರ್‌ನ್ಯಾಷನಲ್ ಆಫೀಸಿಗೆ ಹೇಳಿ. ನಾಚಿಕೆ ಪಡಬೇಡಿ, ಪ್ರೊಫೆಸರ್‌ಗಳೂ ಬಿದ್ದಿದ್ದಾರೆ.

ಪ್ರಶ್ನೆ: ಫ್ರೆಂಡ್ ಕೇಳಿದ ಅಂತ ನನ್ನ ಅಸೈನ್‌ಮೆಂಟ್ ಕೋಡ್ ಕೊಟ್ಟೆ. ಅವನು ಹಾಗೇ ಸಬ್ಮಿಟ್ ಮಾಡಿದ. ಈಗ ಇಬ್ಬರಿಗೂ ಅಕಾಡೆಮಿಕ್ ಮಿಸ್‌ಕಂಡಕ್ಟ್ ನೋಟಿಸ್. ನಾನು ಕಾಪಿ ಮಾಡಿಲ್ಲವಲ್ಲ?

ಉತ್ತರ: ಕೊಟ್ಟಿದ್ದೀರಲ್ಲ, ಅದೂ ತಪ್ಪೇ. ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಒಬ್ಬರೇ ಮಾಡಬೇಕಾದ ಕೆಲಸದಲ್ಲಿ ಹಂಚಿಕೊಂಡರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಒಂದೇ ನಿಯಮ. ಸ್ನೇಹಿತನಿಗೆ ಇಲ್ಲ ಅನ್ನಲಾಗಲಿಲ್ಲ ಅನ್ನುವುದು ನಿಜ ಇರಬಹುದು, ಶಿಕ್ಷೆ ಕಡಿಮೆ ಆಗಲು ಅದು ಸ್ವಲ್ಪ ಸಹಾಯ ಮಾಡಲೂಬಹುದು, ಆದರೆ ತಪ್ಪೇ ಇಲ್ಲ ಅಂತ ವಾದ ಮಾಡಿದರೆ ಕೆಡುತ್ತದೆ. ಇವತ್ತು ರಾತ್ರಿ ಉತ್ತರ ಬರೆಯಬೇಡಿ. ನೋಟಿಸಿನಲ್ಲಿ ಕೊನೇ ದಿನಾಂಕ ನೋಡಿ, ಯಾವ ನಿಯಮ ಅಂತ ಬರೆದಿದ್ದಾರೆ ಓದಿ. ಸ್ಟೂಡೆಂಟ್ ಯೂನಿಯನ್‌ನಲ್ಲಿ ಇಂಥದ್ದಕ್ಕೆ ನಿಮ್ಮ ಪರ ಕೂರುವವರು ಇದ್ದಾರಾ ಕೇಳಿ, ಬಹಳ ಕಡೆ ಇರುತ್ತಾರೆ, ಶುಲ್ಕ ಇಲ್ಲ. ಕೋಡ್ ಬರೆದದ್ದು ನೀವೇ ಅನ್ನುವುದಕ್ಕೆ ಹಳೆಯ ಡ್ರಾಫ್ಟ್‌ಗಳಿದ್ದರೆ ಜೋಡಿಸಿ. ಇಬ್ಬರೂ ಕೂತು ಒಂದೇ ಕಥೆ ಹೊಸೆಯಬೇಡಿ. ಸಸ್ಪೆಂಡ್ ಆಗುವ ಸಾಧ್ಯತೆ ಇದ್ದರೆ ಅದು ವೀಸಾಕ್ಕೂ ತಾಗುತ್ತದೆ, ಹಾಗಾಗಿ ವಿಚಾರಣೆಗೆ ಮೊದಲೇ ಇಂಟರ್‌ನ್ಯಾಷನಲ್ ಆಫೀಸಿನಲ್ಲೂ ಒಂದು ಮಾತು ಕೇಳಿ.

ಇದನ್ನು ಓದುತ್ತಿರುವ ಉಳಿದವರಿಗೆ: ದುಡ್ಡು ಕೊಟ್ಟು ಪ್ರಬಂಧ ಬರೆಸುವ ವೆಬ್‌ಸೈಟ್‌ಗಳ ಹತ್ತಿರ ಹೋಗಲೇಬೇಡಿ. ಆಸ್ಟ್ರೇಲಿಯಾದಲ್ಲಿ 2020ರಲ್ಲಿ, ಇಂಗ್ಲೆಂಡಿನಲ್ಲಿ 2022ರಲ್ಲಿ ಇಂಥ ಸೇವೆ ಮಾರುವುದನ್ನೇ ಅಪರಾಧ ಮಾಡಿದ ಕಾನೂನು ಬಂದಿದೆ. ಬರೆಸಿಕೊಂಡವರನ್ನು ಆಮೇಲೆ "ಯೂನಿವರ್ಸಿಟಿಗೆ ಹೇಳುತ್ತೇವೆ" ಅಂತ ಹೆದರಿಸಿ ಮತ್ತೆ ಮತ್ತೆ ಹಣ ಕೀಳುವುದೂ ನಡೆಯುತ್ತದೆ.

ಪ್ರಶ್ನೆ: ನಾನು ಪಾಠ ಮಾಡುವವನು. ಬೇರೆ ದೇಶದಿಂದ ಬಂದ ವಿದ್ಯಾರ್ಥಿಗಳು ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ಪಾರ್ಟಿಸಿಪೇಶನ್‌ಗೆ ಮಾರ್ಕ್ಸ್ ಇದೆ, ಕೊಡಲು ಆಗುತ್ತಿಲ್ಲ.

ಉತ್ತರ: ಸರ್, ಸುಮ್ಮನಿರುವುದು ಅಂದರೆ ಗೊತ್ತಿಲ್ಲ ಅಂತಲ್ಲ. ಕೆಲವರು ಮನಸ್ಸಿನಲ್ಲೇ ವಾಕ್ಯ ಜೋಡಿಸಿ ಮುಗಿಸುವ ಹೊತ್ತಿಗೆ ಚರ್ಚೆ ಮುಂದೆ ಹೋಗಿರುತ್ತದೆ. ಪ್ರಶ್ನೆಯನ್ನು ಹಿಂದಿನ ದಿನವೇ ಕೊಡಿ. ಕೇಳಿದ ಮೇಲೆ ಎರಡು ನಿಮಿಷ ಬರೆಯಲು ಬಿಡಿ, ಪಕ್ಕದವರ ಜೊತೆ ಮಾತಾಡಲು ಬಿಡಿ, ಆಮೇಲೆ ಎಲ್ಲರ ಮುಂದೆ. ಬರೆದು ಕಳಿಸಿದ್ದಕ್ಕೂ ಪಾರ್ಟಿಸಿಪೇಶನ್ ಮಾರ್ಕ್ಸ್ ಕೊಡಿ. ಅವರ ಹೆಸರು ಸರಿಯಾಗಿ ಹೇಳುವುದು ಹೇಗೆ ಅಂತ ಅವರನ್ನೇ ಕೇಳಿ ಕಲಿಯಿರಿ. ಮತ್ತೊಂದು, ದಯವಿಟ್ಟು "ನಿಮ್ಮ ದೇಶದಲ್ಲಿ ಇದು ಹೇಗೆ?" ಅಂತ ಒಬ್ಬ ವಿದ್ಯಾರ್ಥಿಯನ್ನು ಇಡೀ ದೇಶದ ಪರವಾಗಿ ಎದ್ದು ನಿಲ್ಲಿಸಬೇಡಿ. ಎಲ್ಲರಿಗೂ ಮುಜುಗರ.

ಪ್ರಶ್ನೆ: ಮನೆಯಲ್ಲಿ ದುಡ್ಡಿನ ತೊಂದರೆ ಆಗಿದೆ. ಮುಂದಿನ ಕಂತು ಕಟ್ಟಲು ಮೂರು ವಾರ ಇದೆ, ಅರ್ಧ ಮಾತ್ರ ಇದೆ. ಕೊನೇ ದಿನದವರೆಗೆ ನೋಡಿ ಆಮೇಲೆ ಹೇಳೋಣ ಅಂದುಕೊಂಡಿದ್ದೇನೆ. ಈಗಲೇ ಹೇಳಿದರೆ ತೆಗೆದುಹಾಕಿಬಿಡುತ್ತಾರಾ?

ಉತ್ತರ: ಈಗ ಹೇಳಿದರೆ ನಿಮ್ಮ ಕೈಯಲ್ಲಿ ಮೂರು ವಾರ ಇದೆ, ಆಮೇಲೆ ಹೇಳಿದರೆ ಇಲ್ಲ. ಕೊನೇ ದಿನ ದಾಟಿದ ಮೇಲೆ ಕಾಲೇಜಿನಲ್ಲಿರುವ ನಿಮ್ಮ ಅಕೌಂಟಿಗೆ ಹೋಲ್ಡ್ (ತಡೆ) ಬೀಳಬಹುದು. ಹೋಲ್ಡ್ ಬಿದ್ದರೆ ಮುಂದಿನ ಸೆಮಿಸ್ಟರಿಗೆ ರಿಜಿಸ್ಟರ್ ಮಾಡಲಾಗುವುದಿಲ್ಲ, ರಿಜಿಸ್ಟರ್ ಆಗದಿದ್ದರೆ ವೀಸಾ ಸಮಸ್ಯೆ. ಯುಕೆಯಲ್ಲಿ ಯೂನಿವರ್ಸಿಟಿ ಸ್ಪಾನ್ಸರ್ ಮಾಡುವುದು ನಿಲ್ಲಿಸಿದರೆ ವೀಸಾ ಅವಧಿಯನ್ನೇ ಕಡಿಮೆ ಮಾಡುತ್ತಾರೆ, ಆಮೇಲೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಈ ಸರಪಳಿ ಶುರುವಾಗುವ ಮೊದಲು ಕೇಳಿದರೆ ಕಂತು ಇನ್ನೂ ಸಣ್ಣದು ಮಾಡುವುದು, ದಿನಾಂಕ ಮುಂದಕ್ಕೆ ಹಾಕುವುದು, ತುರ್ತು ನಿಧಿಯಿಂದ ಸ್ವಲ್ಪ ಸಹಾಯ, ಇಂಥವು ಸಾಧ್ಯ. ತುರ್ತು ನಿಧಿ ಇದೆ ಅಂತ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ. ಅಮೆರಿಕದಲ್ಲಿದ್ದು ಒಂದು ಅಕಾಡೆಮಿಕ್ ವರ್ಷ ಮುಗಿಸಿದ್ದರೆ, ಅನಿರೀಕ್ಷಿತ ಆರ್ಥಿಕ ಸಂಕಷ್ಟದ ಮೇಲೆ ಕ್ಯಾಂಪಸ್ ಹೊರಗೆ ಕೆಲಸಕ್ಕೆ ಅನುಮತಿ ಕೇಳುವ ದಾರಿಯೂ ಇದೆ. ಡಿಎಸ್ಓ ಶಿಫಾರಸು ಬೇಕು, ಅನುಮತಿ ಕೊಡುವುದು ಸರ್ಕಾರ, ಬರುವವರೆಗೆ ಕೆಲಸ ಶುರು ಮಾಡುವಂತಿಲ್ಲ.

ಅಕೌಂಟ್ಸ್ ಆಫೀಸು, ಇಂಟರ್‌ನ್ಯಾಷನಲ್ ಆಫೀಸು ಇಬ್ಬರಿಗೂ ಒಂದೇ ಮೇಲ್ ಹಾಕಿ. ಉದ್ದ ಬೇಡ. ಮನೆಯಲ್ಲಿ ಏನಾಯಿತು ಅನ್ನುವುದು ಎರಡು ಸಾಲು, ಈಗ ಎಷ್ಟು ಕಟ್ಟಬಲ್ಲಿರಿ, ಉಳಿದದ್ದು ಯಾವ ತಿಂಗಳು, ಆಧಾರಕ್ಕೆ ಯಾವ ಕಾಗದ ಇದೆ. ಕೊನೆಯಲ್ಲಿ "ಈ ವಾರ ಬಂದು ಭೇಟಿ ಮಾಡಬಹುದೇ?" ಅಂತ ಕೇಳಿ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಮತ್ತೆ ಮೇಲ್ ಹಾಕಬೇಡಿ, ನೇರವಾಗಿ ಹೋಗಿ ಕೂರಿ.